ಹಲಸೂರಿನಿಂದ ಕೋಲಾರಕ್ಕೆ: ನೀರನ್ನು ಪರೀಕ್ಷಿಸಿದ್ದು ಯಾರು?

ಕೋಲಾರದ ಕಡೆಯ ಓದುಗರಿಗೆ ಕೆ.ಸಿ. ವ್ಯಾಲಿ ಹೆಸರು ಹೊಸದಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆರೆ ತುಂಬಿಸುವ ಯೋಜನೆ ಅದು. ಕೆ.ಸಿ. ಎಂದರೆ ಕೋರಮಂಗಲ, ಚಲ್ಲಘಟ್ಟ. ಈ ಕಣಿವೆಯ ಕಥೆ ಗೊತ್ತಾದರೆ ನಮ್ಮೂರ ಕೆರೆಗೆ ಬರುವ ನೀರಿನ ಗುಣವೂ ಅರ್ಥವಾಗುತ್ತದೆ.

ಕಣಿವೆಯ ಮೇಲ್ಭಾಗದಲ್ಲಿ ಹಲಸೂರು ಕೆರೆಯಿದೆ. ಅದು ಕೋಡಿ ಬಿದ್ದರೆ ನೀರು ಇಂದಿರಾನಗರ, ದೊಮ್ಮಲೂರು ಕಡೆಯ ತಗ್ಗಿನಲ್ಲಿ ಹರಿದು ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ವರ್ತೂರು ಕೆರೆ, ಮುಂದೆ ದಕ್ಷಿಣ ಪಿನಾಕಿನಿ. ಇಂದು ನಾವು ರಾಜಕಾಲುವೆ ಎಂದು ಮೂಗು ಮುಚ್ಚಿಕೊಂಡು ದಾಟುವುದು ಈ ಹಳ್ಳವನ್ನೇ.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದರು. ಆ ಕಂಟೋನ್ಮೆಂಟಿನ ಕುಡಿಯುವ ನೀರಿಗೆ ಹಲಸೂರು ಕೆರೆಯೂ ಆಸರೆಯಾಗಿತ್ತು. ಧಾತು ಸಂವತ್ಸರದ ಬರ ಕಳೆದ ಮೇಲೆ, 1882ರಲ್ಲಿ, ದಂಡಿಗೆಂದೇ ಸ್ಯಾಂಕಿ ಕೆರೆ ಕಟ್ಟಿಸಿದರು. ಕುಡಿಯುವ ನೀರೆಂದರೆ ಕಾವಲು ಇದ್ದೇ ಇರುತ್ತದೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಬಂತು. ದೂರದ ನೀರು ನಲ್ಲಿಗೆ ಬಂದಂತೆಲ್ಲ ಹತ್ತಿರದ ಕೆರೆಯ ಮೇಲಿನ ಕಣ್ಣು ತಪ್ಪಿತು. ಕುಡಿಯುವವರಿಲ್ಲದ ನೀರಿಗೆ ಕೊಳಚೆ ಬಿಟ್ಟರೆ ಕೇಳುವವರು ಯಾರು?

ಆದರೆ ನೀರಿನಲ್ಲಿದ್ದ ಜೀವಗಳು ಸಾಕ್ಷಿ ಹೇಳುತ್ತಲೇ ಇದ್ದವು. ಕೊಳಚೆ ಬಿದ್ದಾಗ ಅದನ್ನು ಕರಗಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಎಷ್ಟು ಬಳಸುತ್ತವೆ ಎಂಬ ಲೆಕ್ಕಕ್ಕೆ ಬಿಒಡಿ ಎನ್ನುತ್ತಾರೆ. ನೀರನ್ನು ಐದು ದಿನ ಇಟ್ಟು ಅಳೆಯುವ ಈ ಕ್ರಮವನ್ನು ಬ್ರಿಟನ್ನಿನ ಕೊಳಚೆ ಆಯೋಗ 1912ರಲ್ಲಿ ನೆಲೆಗೊಳಿಸಿತು. ಅದಕ್ಕೂ ಮುಂಚೆ, 1908ರ ಹೊತ್ತಿಗೇ, ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ಇಬ್ಬರು, ಯಾವ ಜೀವಿ ಇದೆ ಎಂದು ನೋಡಿ ಹೊಳೆ ಎಷ್ಟು ಕೆಟ್ಟಿದೆ ಎಂದು ಹೇಳುವ ಪದ್ಧತಿ ರೂಪಿಸಿದ್ದರು.

ನಮ್ಮಲ್ಲಿ ನೀರಿನ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಕೇಂದ್ರ ಮಂಡಳಿಯ ವರ್ಗೀಕರಣದಂತೆ, ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಅಳತೆ ಇದ್ದರೆ ಸಾಲದು, ಅಳೆದದ್ದನ್ನು ಕೇಳಿಸಿಕೊಳ್ಳಬೇಕು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೆಳಗಿನ ಬೆಳ್ಳಂದೂರಿನಲ್ಲಿ 2015ರಲ್ಲಿ ನೊರೆಗೇ ಬೆಂಕಿ ಹತ್ತಿತು. 2017 ಮತ್ತು 2018ರಲ್ಲಿಯೂ ಆ ಕೆರೆಯಂಗಳದಲ್ಲಿ ಬೆಂಕಿ ಕಾಣಿಸಿತು.

2018ರ ಜೂನ್‌ನಲ್ಲಿ ಇದೇ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸಿ 126 ಕೆರೆ ತುಂಬಿಸುವ ಗುರಿ. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಹಾಗೆಂದು ಯೋಜನೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಬತ್ತಿದ ಕೆರೆಯಲ್ಲಿ ನೀರು ನಿಲ್ಲುವ ಬೆಲೆ ಕೋಲಾರದ ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಕೆರೆ ತುಂಬಿದರೆ ಸುತ್ತಲ ಬೋರ್‌ವೆಲ್‌ಗೂ ಅದೇ ನೀರು ಇಳಿಯುತ್ತದೆ. ಹಲಸೂರಿನಲ್ಲಿ ತಪ್ಪಿದ ಕಾವಲು ಇಲ್ಲಿ ತಪ್ಪಬಾರದು.

ನಾವು ನಾವೇ ನೋಡಬಹುದಾದದ್ದು ಇಷ್ಟು. ಬೆಳಗಿನ ಜಾವ ಕೆರೆ ಬಳಿ ಹೋಗಿ. ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಆ ಹೊತ್ತಿಗೇ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಉಸಿರು ಕಟ್ಟುತ್ತಿದೆ ಎಂದರ್ಥ. ದಡದ ಕಲ್ಲು ಎತ್ತಿ ನೋಡಿ. ಬಗೆಬಗೆಯ ಹುಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ಇದ್ದರೆ ಒಳ್ಳೆಯ ಗುರುತು. ಕೆಸರಿನಲ್ಲಿ ಕೆಂಪು ಹುಳುಗಳಷ್ಟೇ ತುಂಬಿದ್ದರೆ ಕೊಳಚೆ ಹೆಚ್ಚಿದೆ ಎಂದು ಶಂಕಿಸಿ. ಆ ಹುಳುವಿನ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಕೆಂಪು ಪದಾರ್ಥವಿದೆ, ಅದಕ್ಕೇ ಕಡಿಮೆ ಆಮ್ಲಜನಕದಲ್ಲೂ ಬದುಕುತ್ತದೆ. ಕಂಡದ್ದನ್ನು ತಾರೀಕಿನೊಡನೆ ಬರೆದಿಡಿ, ಫೋಟೊ ತೆಗೆಯಿರಿ.

ಒಂದು ಎಚ್ಚರಿಕೆ: ಮೀನು ಬದುಕಿದೆ ಎಂದಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಲ್ಲ. ರೋಗಾಣು, ಭಾರಲೋಹ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ನಿಮ್ಮೂರ ಕೆರೆ ಮತ್ತು ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ ಎಂದು ಕೇಳಿ. ಹಿಂದೆ ಊರ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ, ತೂಬು ಕಾಯುತ್ತಿದ್ದ. ಈಗ ನೀರಿನ ಗುಣ ಕಾಯುವ ನೀರುಗಂಟಿಗಳು ಬೇಕಾಗಿದ್ದಾರೆ.