ಯೋಧನ ಮಡದಿಯ ಪಾಲು

ರಣರಂಗದಲ್ಲಿ ಮಡಿದವನ ಹೆಸರು ಶಿಲೆಯ ಮೇಲೆ ಉಳಿಯುತ್ತದೆ. ಅವನ ಮಡದಿಯ ಬಾಳನ್ನು ಕುರಿತು ಬರೆದವರು ವಿರಳ. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜದಿನದ ನಿಧಿಗೆ ಜನರು ಕಾಣಿಕೆ ನೀಡುತ್ತ ಬಂದಿದ್ದಾರೆ. 1971ರ ಭಾರತ-ಪಾಕಿಸ್ತಾನ ಯುದ್ಧದ ಮರುವರ್ಷ ಶ್ರೀಮತಿ ವಿ. ಮೋಹಿನಿ ಗಿರಿಯವರು ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘವನ್ನು ಸ್ಥಾಪಿಸಿದರು.

ಆದರೂ ಒಂದು ಅನ್ಯಾಯ ಬಹುಕಾಲ ಉಳಿದಿತ್ತು. ಶೌರ್ಯಪದಕ ಪಡೆದ ಯೋಧನು ಮಡಿದ ಬಳಿಕ ಅದರ ಭತ್ಯೆಯು ಪತ್ನಿಗೆ ಸಲ್ಲುತ್ತಿತ್ತು; ಆಕೆ ಮರುವಿವಾಹವಾದರೆ ನಿಂತುಹೋಗುತ್ತಿತ್ತು. ಮೃತ ಪತಿಯ ಸಹೋದರನನ್ನೇ ವರಿಸಿದರೆ ಮಾತ್ರ ವಿನಾಯಿತಿ! ಎಳೆಯ ವಯಸ್ಸಿನ ಹೆಣ್ಣುಮಗಳಿಗೆ ಇಂತಹ ಕಟ್ಟಳೆ ವಿಧಿಸುವುದು ಯಾವ ನ್ಯಾಯ? ಮೈದುನನನ್ನು ಮದುವೆಯಾಗು, ಇಲ್ಲವೇ ಹಕ್ಕನ್ನು ಬಿಡು ಎಂದಂತಾಯಿತು. ರಕ್ಷಣಾ ಸಚಿವಾಲಯವು 2017ರ ನವೆಂಬರ್‌ನಲ್ಲಿ ಈ ನಿಬಂಧನೆಯನ್ನು ತೆಗೆದುಹಾಕಿತು. ಆಕೆ ಯಾರನ್ನು ವರಿಸಿದರೂ ಭತ್ಯೆಯು ಜೀವಮಾನವಿಡೀ ಸಲ್ಲತಕ್ಕದ್ದೆಂದು ಆದೇಶಿಸಿತು.