ಇಂಗ್ಲಿಷ್ ಮೇಷ್ಟ್ರು ಬರೆದ ಕನ್ನಡದ ವರದಿ

ಗೋಕಾಕ್ ಎಂದೊಡನೆ ಬೆಳಗಾವಿ ಜಿಲ್ಲೆಯ ಜಲಪಾತ, ಕರದಂಟು ನೆನಪಾಗುವುದು ಸಹಜ. ಆದರೆ 1982ರಲ್ಲಿ ಕರ್ನಾಟಕದ ಬೀದಿಗಳಲ್ಲಿ ಮೊಳಗಿದ ‘ಗೋಕಾಕ್’ ಆ ಊರಲ್ಲ. ಅದು ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರ ಹೆಸರು. ಕನ್ನಡದ ಬಹುದೊಡ್ಡ ಚಳವಳಿಯೊಂದಕ್ಕೆ ಜೀವನವಿಡೀ ಇಂಗ್ಲಿಷ್ ಕಲಿಸಿದವರ ಹೆಸರು ಅಂಟಿಕೊಂಡದ್ದು ಹೇಗೆ?

ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಧಾರವಾಡದಲ್ಲಿ ಓದುವಾಗ ದ.ರಾ. ಬೇಂದ್ರೆಯವರ ಒಡನಾಟ ದೊರೆಯಿತು. ತರಗತಿಯಲ್ಲಿ ಕಲಿತದ್ದು ಇಂಗ್ಲಿಷ್ ಸಾಹಿತ್ಯ, ಗೆಳೆಯರ ಗುಂಪಿನಲ್ಲಿ ಬರೆದದ್ದು ಕನ್ನಡ ಕವಿತೆ. ಈ ಎರಡೂ ದಾರಿಗಳನ್ನು ಅವರು ಕೊನೆಯವರೆಗೆ ಬಿಡಲಿಲ್ಲ.

1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮುಂದೆ ಆಕ್ಸ್‌ಫರ್ಡಿಗೆ ಹೋಗಿ, 1938ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು ಮರಳಿದರು. ಆ ಹಡಗಿನ ಪ್ರಯಾಣದ ಫಲವೇ ‘ಸಮುದ್ರ ಗೀತೆಗಳು’ ಕವನ ಸಂಕಲನ. ನಂತರ ಸಾಂಗ್ಲಿ, ಗುಜರಾತಿನ ವೀಸನಗರ, ಕೊಲ್ಲಾಪುರ, ಧಾರವಾಡ ಹೀಗೆ ಊರಿಂದೂರಿಗೆ ಪ್ರಾಂಶುಪಾಲರ ಹುದ್ದೆ. 1959ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ಕೊಡುವುದೇ ಆ ಸಂಸ್ಥೆಯ ಮುಖ್ಯ ಕೆಲಸ.

1966ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗ ಅದಕ್ಕೆ ಎರಡೇ ವರ್ಷ. ಮೈಸೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು, ಸೆಂಟ್ರಲ್ ಕಾಲೇಜು ಮತ್ತು ಇಂಜಿನಿಯರಿಂಗ್ ಕಾಲೇಜುಗಳನ್ನು ಆಧಾರವಾಗಿಟ್ಟುಕೊಂಡು 1964ರಲ್ಲಿ ಆರಂಭವಾದ ಸಂಸ್ಥೆ ಅದು. 1969ರವರೆಗೆ ಗೋಕಾಕರು ಅದರ ಹೊಣೆ ಹೊತ್ತರು.

ಅವರ ಹೆಸರು ಮನೆಮಾತಾದದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಆಗ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು, ಕನ್ನಡ ಓದದೆಯೇ ಎಸ್ಸೆಸ್ಸೆಲ್ಸಿ ಮುಗಿಸಬಹುದಿತ್ತು. ಇದು ಸರಿಯೇ ಎಂಬ ವಾದ ಬಿಸಿಯೇರಿದಾಗ ಗುಂಡೂರಾವ್ ಸರ್ಕಾರ 1980ರ ಜುಲೈನಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1981ರ ಜನವರಿಯಲ್ಲಿ ವರದಿ ಬಂತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು, ಉಳಿದೆರಡು ಭಾಷೆಗಳಿಗೆ ತಲಾ 100 ಅಂಕ ಸಾಕು ಎಂಬುದು ಅದರ ತಿರುಳು.

ಇದರಲ್ಲಿ ವಿರೋಧಾಭಾಸ ಕಂಡವರುಂಟು. ಆದರೆ ಗೋಕಾಕರ ವರದಿ ಇಂಗ್ಲಿಷನ್ನು ಶಾಲೆಯಿಂದ ಹೊರಗೆ ಹಾಕಲಿಲ್ಲ. ಅದಕ್ಕೂ ಸಂಸ್ಕೃತಕ್ಕೂ ಜಾಗವಿತ್ತು. ಪ್ರಶ್ನೆ ಇದ್ದದ್ದು ಮೊದಲ ಮಣೆ ಯಾವುದಕ್ಕೆ ಎಂಬುದರಲ್ಲಿ. ಎರಡು ಭಾಷೆಗಳಲ್ಲಿ ಬರೆದು, ಕನ್ನಡೇತರ ಪ್ರದೇಶಗಳಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು ನೆಲದ ಭಾಷೆಗೆ ಮೊದಲ ಸ್ಥಾನ ಕೇಳಿದ್ದರಿಂದಲೇ ವರದಿಗೆ ತೂಕ ಬಂತು. ಇಂಗ್ಲಿಷ್ ಬಾರದ ಸಿಟ್ಟಿಗೆ ಆಡಿದ ಮಾತೆಂದು ಅದನ್ನು ತಳ್ಳಿಹಾಕುವಂತಿರಲಿಲ್ಲ.

ಸರ್ಕಾರ ಮೀನಮೇಷ ಎಣಿಸಿತು. ಸಾಹಿತಿಗಳು ಆರಂಭಿಸಿದ ಹೋರಾಟಕ್ಕೆ 1982ರಲ್ಲಿ ಡಾ. ರಾಜ್‌ಕುಮಾರ್ ಧುಮುಕಿದ ಮೇಲೆ ಅದು ಜನಸಾಗರವಾಯಿತು. ಆ ಹೊತ್ತಿಗೆ ಗೋಕಾಕರು ಆಂಧ್ರದ ಪುಟ್ಟಪರ್ತಿಯಲ್ಲಿ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಯ ಮೊದಲ ಕುಲಪತಿ! ಜುಲೈ 20ರಂದು ಸರ್ಕಾರ ಮಣಿದು, ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿಸುವ ಆದೇಶ ಹೊರಡಿಸಿತು. ಅಂಕ ಮಾತ್ರ 150ರ ಬದಲು 125ಕ್ಕೆ ಇಳಿದಿತ್ತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿದರು. ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆಯಾಗುತ್ತದೆ ಎಂದು 1989ರಲ್ಲಿ ಹೈಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

1990ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಗೋಕಾಕರಿಗೆ ಸಂದಿತು. ಕನ್ನಡಕ್ಕೆ ಅದು ಐದನೆಯದು. 1992ರ ಏಪ್ರಿಲ್ 28ರಂದು ಅವರು ಮುಂಬೈಯಲ್ಲಿ ನಿಧನರಾದರು. ಅವರು ಕಲಿಸಿದ ತರಗತಿಗಳು, ನಡೆಸಿದ ವಿಶ್ವವಿದ್ಯಾಲಯಗಳು ಇಂದು ಬಹಳ ಮಂದಿಗೆ ನೆನಪಿಲ್ಲ. ಆದರೆ ಶಾಲೆಯಲ್ಲಿ ಕನ್ನಡದ ಸ್ಥಾನ ಯಾವುದು ಎಂಬ ಮಾತು ಬಂದಾಗಲೆಲ್ಲ ಜನ ಮೊದಲು ಎತ್ತುವುದು ಆ ವರದಿಯನ್ನೇ.