ಮುಳ್ಳಿಗೆ ಹಚ್ಚಿದ ಬೆಳಕು

ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಮ್ಮ ಜನ ಇಟ್ಟ ಹೆಸರು ರೇಡಿಯಂ. ರಿಕ್ಷಾದ ಬೆನ್ನಿಗೆ ಅಂಟಿಸುವ ಮಿಂಚುವ ಹಾಳೆಯೂ ರೇಡಿಯಂ, ಮಕ್ಕಳ ಕೋಣೆಯ ಚಾವಣಿಯ ನಕ್ಷತ್ರವೂ ರೇಡಿಯಂ. ಇವೆರಡರಲ್ಲೂ ಆ ಲೋಹದ ಒಂದು ಕಣವೂ ಇಲ್ಲವೆಂಬುದು ಬೇರೆ ಮಾತು. ಆದರೆ ನಿಜವಾದ ರೇಡಿಯಮ್ಮನ್ನೇ ಗಡಿಯಾರದ ಮುಳ್ಳುಗಳಿಗೆ ಹಚ್ಚುತ್ತಿದ್ದ ಕಾಲವೊಂದಿತ್ತು.

ಈಚೆಗೆ ಹಳೆಯ ಕೈಗಡಿಯಾರಗಳ ಮೋಹ ಬೆಳೆದಿದೆ. ಅಜ್ಜನ ಪೆಟ್ಟಿಗೆಯಿಂದಲೋ ಮುಂಬಯಿಯ ಚೋರ್ ಬಜಾರಿನಿಂದಲೋ ತಂದ ಗಡಿಯಾರವನ್ನು ಬಿಚ್ಚಿ, ಮುಳ್ಳಿನ ಹಳೆಯ ಬಣ್ಣ ಕೆರೆದು, ಹೊಸ ಹೊಳೆಯುವ ಬಣ್ಣವನ್ನು ಮನೆಯ ಮೇಜಿನ ಮೇಲೆಯೇ ತುಂಬುವವರುಂಟು. ಹೊಸ ಬಣ್ಣ ನಿರಪಾಯಕಾರಿ. ಕೆರೆದು ಕೆಡಹುವ ಹಳೆಯ ಬಣ್ಣದ ಚರಿತ್ರೆಯನ್ನು ಮಾತ್ರ ಅವರು ಮೊದಲು ತಿಳಿದಿರಬೇಕು.

ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದದ್ದು 1898ರಲ್ಲಿ. ಅದನ್ನು ಸತುವಿನ ಸಲ್ಫೈಡಿನ ಪುಡಿಯೊಡನೆ ಬೆರೆಸಿದರೆ ಬಿಸಿಲು ಕಾಣದೆಯೂ ಹಗಲಿರುಳು ಹೊಳೆಯುತ್ತದೆಂಬುದು ಕೆಲವೇ ವರ್ಷಗಳಲ್ಲಿ ತಿಳಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಂದಕದೊಳಗಿನ ಸೈನಿಕನಿಗೆ ಇಂಥ ಗಡಿಯಾರ ವರವಾಯಿತು. ಅಮೆರಿಕದ ನ್ಯೂ ಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ 1917ರಿಂದ ಈ ಕೆಲಸದ ಕಾರ್ಖಾನೆಯೊಂದು ನಡೆಯಿತು. ಬಣ್ಣದ ಹೆಸರು ‘ಅನ್‌ಡಾರ್ಕ್’. ಹಚ್ಚುವವರು ಹದಿಹರೆಯದ ಹುಡುಗಿಯರು. ಅಂಕಿಯೊಂದಕ್ಕೆ ಬಣ್ಣ ತುಂಬುವಷ್ಟರಲ್ಲಿ ಕುಂಚದ ತುದಿ ಚೆದುರುವುದು; ಅದನ್ನು ತುಟಿಯಿಂದಲೇ ಚೂಪು ಮಾಡಿಕೊಳ್ಳಿರೆಂದು ಅವರಿಗೆ ಕಲಿಸಿದ್ದರು. ದಿನಕ್ಕೆ ಇನ್ನೂರೈವತ್ತರಷ್ಟು ಡಯಲುಗಳು. ಪ್ರತಿಯೊಂದಕ್ಕೂ ಹತ್ತಾರು ಸಲ ಕುಂಚ ಬಾಯಿಗೆ. ಅಪಾಯವಿಲ್ಲವೇ ಎಂದರೆ ಇಲ್ಲವೆಂಬ ಉತ್ತರ. ಅದೇ ಕಾರ್ಖಾನೆಯ ವಿಜ್ಞಾನಿಗಳು ಮಾತ್ರ ಸೀಸದ ಮರೆಯಲ್ಲಿ, ಇಕ್ಕಳ ಹಿಡಿದು ಕೆಲಸ ಮಾಡುತ್ತಿದ್ದರು!

ರೇಡಿಯಮ್ಮಿಗೂ ಸುಣ್ಣದ ಕ್ಯಾಲ್ಸಿಯಮ್ಮಿಗೂ ರಾಸಾಯನಿಕ ನಂಟು. ದೇಹವು ಮೋಸಹೋಗಿ ಅದನ್ನು ಎಲುಬಿನಲ್ಲಿ ಕೂಡಿಡುತ್ತದೆ. ಮೊದಲು ಹಲ್ಲು ಸಡಿಲವಾಗುವುದು, ಆಮೇಲೆ ದವಡೆ ಕೊಳೆಯುವುದು. 1922ರಲ್ಲಿ ತೀರಿಕೊಂಡ ಮಾಲಿ ಮ್ಯಾಗಿಯಾಳ ಮರಣಪತ್ರದಲ್ಲಿ ಮೇಹರೋಗವೆಂದು ಬರೆದರು. 1927ರಲ್ಲಿ ಗೋರಿಯಿಂದ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಎಲುಬುಗಳಲ್ಲಿ ವಿಕಿರಣ ಕಂಡು, ಆ ಹುಡುಗಿಯ ಮೇಲಿನ ಅಪವಾದ ಕಳೆಯಿತು.

ಗ್ರೇಸ್ ಫ್ರೈಯರ್ ಎಂಬಾಕೆಯ ಸಂಗತಿ ನನ್ನಂಥ ಬ್ಯಾಂಕಿನ ಗುಮಾಸ್ತನ ಮನಸ್ಸಿಗೆ ಹೆಚ್ಚು ತಾಗುತ್ತದೆ. 1920ರಲ್ಲಿ ಕಾರ್ಖಾನೆಯನ್ನು ಬಿಟ್ಟು ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದಳು. ಎರಡು ವರ್ಷದಲ್ಲಿ ಹಲ್ಲುಗಳು ಉದುರತೊಡಗಿದವು. ಮುಂದೆ ಬೆನ್ನಿಗೆ ಉಕ್ಕಿನ ಆಧಾರ ಕಟ್ಟಿಕೊಳ್ಳಬೇಕಾಯಿತು. ಮೊಕದ್ದಮೆ ನಡೆಸುವ ವಕೀಲನನ್ನು ಹುಡುಕುವುದಕ್ಕೇ ಎರಡು ವರ್ಷ ಹಿಡಿಯಿತು. ಕೊನೆಗೆ ಐವರು ಹೆಂಗಸರು 1927ರಲ್ಲಿ ದಾವೆ ಹೂಡಿದರು. 1928ರ ಜೂನಿನಲ್ಲಿ ರಾಜಿಯಾಯಿತು: ತಲಾ 10,000 ಡಾಲರು, ವೈದ್ಯದ ಖರ್ಚು, ಬದುಕಿರುವವರೆಗೆ ವರ್ಷಕ್ಕೆ 600 ಡಾಲರಿನ ವರ್ಷಾಶನ. ಗ್ರೇಸ್ 1933ರಲ್ಲಿ ತೀರಿಕೊಂಡಳು. ಐದು ವರ್ಷಕ್ಕೆ ಒಟ್ಟು ಮೂರು ಸಾವಿರ ಡಾಲರಾಯಿತು, ಖಾತೆ ಮುಗಿಯಿತು.

ಅಮೆರಿಕದಲ್ಲಿ ಇದು ಕಾರ್ಖಾನೆಯಲ್ಲಿ ನಡೆದದ್ದು. ಗಡಿಯಾರಗಳ ತವರಾದ ಸ್ವಿಟ್ಜರ್ಲೆಂಡಿನ ಜೂರಾ ಪ್ರಾಂತದಲ್ಲಿ ಇದೇ ಬಣ್ಣದ ಕೆಲಸ ಎಷ್ಟೋ ಮನೆಗಳೊಳಗೆ ನಡೆಯಿತು. ನಮ್ಮಲ್ಲಿ ಬೀಡಿ ಕಟ್ಟುವಂತೆ, ಅಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಡಯಲು, ಮುಳ್ಳುಗಳಿಗೆ ಬಣ್ಣ ಹಚ್ಚಿಕೊಡುತ್ತಿದ್ದರು. 1960ರ ದಶಕದ ಆರಂಭದವರೆಗೂ ಇದು ನಡೆಯಿತು. ಉದುರಿದ ಬಣ್ಣ ನೆಲದ ಹಲಗೆಯ ಸಂದಿಯಲ್ಲಿ, ಹಿತ್ತಿಲ ಮಣ್ಣಿನಲ್ಲಿ ಉಳಿಯಿತು. 2014ರಲ್ಲಿ ಬೀಲ್ ಪಟ್ಟಣದ ಹೆದ್ದಾರಿ ಕೆಲಸದಲ್ಲಿ ಹಳೆಯ ಕಸದ ಗುಂಡಿಯೊಂದರಿಂದ ರೇಡಿಯಂ ಹೊರಬಿದ್ದದ್ದು ದೊಡ್ಡ ಸುದ್ದಿಯಾಯಿತು. ಆ ಸರಕಾರ 2015ರಿಂದ 2023ರವರೆಗೆ ಸಾವಿರಕ್ಕೂ ಹೆಚ್ಚು ಮನೆ-ಕಟ್ಟಡಗಳನ್ನು ಪರೀಕ್ಷಿಸಿ, ನೂರಕ್ಕೂ ಮಿಕ್ಕಿದವು ಶುದ್ಧೀಕರಣವನ್ನು ಬೇಡುತ್ತವೆಂದು ಕಂಡಿತು. ಹಚ್ಚಿದ ಕೈಗಳು ಹೋಗಿ ಅರ್ಧ ಶತಮಾನವಾದ ಮೇಲಿನ ಮಾತು ಇದು.

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾಗುವ ಮೊದಲು ನಮ್ಮ ಮನೆಗಳಲ್ಲಿದ್ದ ಒಳ್ಳೆಯ ಕೈಗಡಿಯಾರಗಳು ಹೆಚ್ಚಾಗಿ ಸ್ವಿಸ್ ದೇಶದವೇ. ಆದ್ದರಿಂದ ಆ ಹೆಂಗಸರ ಕುಂಚದ ಗುರುತು ನಮ್ಮ ಕಪಾಟಿನಲ್ಲೂ ಇರಬಹುದು. ‘ಈಗ ಹೊಳೆಯುವುದಿಲ್ಲವಲ್ಲ, ಸತ್ವ ಹೋಗಿದೆ’ ಎಂಬ ನಂಬಿಕೆ ತಪ್ಪು. ಹೊಳಪು ಹೋದದ್ದು ಸತುವಿನ ಪುಡಿ ಸವೆದದ್ದರಿಂದ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ನಮ್ಮ ಸವಕಳಿಯ ಲೆಕ್ಕ ಹಾಕಿದರೆ, ನೂರು ವರ್ಷದಲ್ಲಿ ಕರಗಿದ್ದು ರೂಪಾಯಿಗೆ ನಾಲ್ಕು ಪೈಸೆ ಮಾತ್ರ. ತೊಂಬತ್ತಾರು ಪೈಸೆ ಆ ಕಂದಿದ ಬಣ್ಣದಲ್ಲೇ ಕುಳಿತಿದೆ.

ರೇಡಿಯಂ ಹೋದಮೇಲೆ ಸೌಮ್ಯವಾದ ಟ್ರಿಟಿಯಂ ಬಂತು. ಡಯಲಿನ ಅಡಿಯಲ್ಲಿ ‘ಟಿ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದರ ಗುರುತು. 1990ರ ದಶಕದಿಂದ ಜಪಾನಿನ ನೆಮೊಟೊ ಸಂಸ್ಥೆಯವರು ಹೊರತಂದ ಸ್ಟ್ರಾನ್ಷಿಯಂ ಅಲ್ಯೂಮಿನೇಟಿನ ಪುಡಿ ಬಳಕೆಗೆ ಬಂದಿದೆ. ಅದು ದೀಪದ ಬೆಳಕನ್ನು ಕುಡಿದು ರಾತ್ರಿ ಹೊಳೆಯುವಂಥದು, ವಿಕಿರಣವಿಲ್ಲ. ಮನೆಯಲ್ಲಿ ತುಂಬುವುದಾದರೆ ಇದನ್ನು ಹೊಸ ಮುಳ್ಳಿಗೆ ತುಂಬಬಹುದು. ಹಳೆಯ ಮುಳ್ಳಿನ ಬಣ್ಣ ಗಾಜಿನೊಳಗೇ ಇರಲಿ: ರೇಡಿಯಮ್ಮಿನ ಆಲ್ಫಾ ಕಿರಣ ಗಾಜನ್ನು ದಾಟದು, ಚಾಕು ತಾಗಿ ಎದ್ದ ಧೂಳು ಮಾತ್ರ ಉಸಿರಿನೊಡನೆ ಒಳಗೆ ಹೋಗುತ್ತದೆ.